ಕಾರಿನ ಹೊರರೂಪ ಬದಲಿಸುವ ಮುಂಚೆ: ಪೇಂಟಾ, ರ‍್ಯಾಪಾ, ಫಿಲಮ್ಮಾ, ಅಲಾಯಾ?

ಹೋದ ವಾರ ಮದ್ದೂರಿನಿಂದ ನನ್ನ ಭಾವಮೈದ ಫೋನ್ ಮಾಡಿದ. "ಭಾವ, ಕಾರ್‌ನ ಮ್ಯಾಟ್ ಕಪ್ಪು ಮಾಡುಸ್ಬುಡಾನ ಅಂತಿವ್ನಿ. ಆಯುಧಪೂಜೆ ಹೊತ್ಗೆ ರೆಡಿ ಆಗ್ಬೇಕು" ಅಂದ. ಮ್ಯಾಟ್ ಅಂದರೆ ಹೊಳಪಿಲ್ಲದ ಬಣ್ಣ. ಅವನದು 2018ರ ಹ್ಯಾಚ್‌ಬ್ಯಾಕ್, ಬೆಳ್ಳಿ ಬಣ್ಣ. ಮನೆ ಮುಂದೆ ನೆರಳಿಲ್ಲ. ಇಷ್ಟು ವರ್ಷ ಬಿಸಿಲಲ್ಲೇ ನಿಂತು ಬಾನೆಟ್ ಮೇಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಹಾವಿನ ಪೊರೆಯ ಹಾಗೆ ಏಳುತ್ತಿದೆ. ಕೈಯಲ್ಲಿ 60 ಸಾವಿರ ಇದೆ. ಪೇಂಟ್ ಹೊಡೆಸೋದಾ, ಬಣ್ಣದ ಹಾಳೆ ಹೊದಿಸೋ ರ‍್ಯಾಪ್ ಮಾಡಿಸೋದಾ, ಜೊತೆಗೆ ಗಾಜಿಗೆ ಫಿಲಂ, ದೊಡ್ಡ ಅಲಾಯ್ ಚಕ್ರ, ಮುಂದೊಂದು ಕಬ್ಬಿಣದ ಗಾರ್ಡ್. ಪಟ್ಟಿ ಮದುವೆ ಸಾಮಾನಿನ ಚೀಟಿಯಷ್ಟು ಉದ್ದ ಇತ್ತು.

ಇದೇ ಗೊಂದಲದಲ್ಲಿರೋರು ಬೇರೆಯವರೂ ನನಗೆ ಕೇಳಿದ್ದಾರೆ. ಮೈಸೂರಿನಲ್ಲಿ ಕಾರು ಅಲಂಕಾರದ ಅಂಗಡಿಗಳಿಗೆ ಹೋದರೆ ಎಲ್ಲದಕ್ಕೂ ಒಂದೇ ಉತ್ತರ: "ಏನೂ ಆಗಲ್ಲ ಸಾರ್, ಎಲ್ರೂ ಹಾಕಿಸ್ತಾರೆ." ಅಂಗಡಿಯವನಿಗೆ ಏನೂ ಆಗಲ್ಲ, ನಿಜ. ದಂಡ ಬೀಳೋದು ಕಾರಿನ ಮಾಲೀಕನಿಗೆ ಅಲ್ವಾ?

ಒಂದೊಂದೇ ಆಯ್ಕೆ ತೂಗಿ ನೋಡೋಣ. ಅದಕ್ಕೆ ಮುಂಚೆ ತಕ್ಕಡಿ ಸರಿ ಮಾಡಿಕೊಳ್ಳಬೇಕು.

ತೂಗೋದು ಯಾವುದರಲ್ಲಿ

ಮೊದಲ ಪ್ರಶ್ನೆ: ನೀವು ಬದಲಿಸೋ ವಿಷಯ ಕಾರಿನ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬರೆದಿದೆಯಾ? ಆರ್‌ಸಿ ಕಾರ್ಡ್ ತೆಗೆದು ಓದಿ. ನಮ್ಮಲ್ಲಿ ಹೆಚ್ಚಿನವರು ಅದನ್ನ ಪೊಲೀಸರಿಗೆ ತೋರಿಸುತ್ತಾರೆಯೇ ಹೊರತು ತಾವು ಓದಿರಲ್ಲ. ಅದರಲ್ಲಿ ಬಣ್ಣ ಇದೆ, ಬಾಡಿ ಯಾವ ಬಗೆಯದು ಅಂತ ಇದೆ, ಇಂಧನ ಇದೆ, ಸೀಟು ಎಷ್ಟು ಅಂತ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಹೇಳೋದು ಇಷ್ಟೇ: ಕಂಪನಿ ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕ ವಾಹನ ಬದಲಿಸಬಾರದು. ಸಿಎನ್‌ಜಿ, ಎಲ್‌ಪಿಜಿ ಕಿಟ್ ಥರದ ಕೆಲವಕ್ಕೆ ಮಾತ್ರ ಕಾಯಿದೆಯಲ್ಲೇ ದಾರಿ ಬಿಟ್ಟಿದ್ದಾರೆ. ಕೇರಳದಿಂದ ಹೋದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಗಟ್ಟಿ ಮಾಡಿತು. ನಿಯಮಗಳಲ್ಲಿ ಸಂದು ಹುಡುಕಬೇಡಿ, ಕಾಯಿದೆಯೇ ಮೇಲು ಅಂತ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಬದಲಾವಣೆಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂ. ದಂಡ, ಇಲ್ಲವೇ ಎರಡೂ. "ಒಂದೊಂದಕ್ಕೂ" ಅನ್ನೋ ಮಾತು ನೆನಪಿರಲಿ. ಮೂರು ಬದಲಾವಣೆ ಮಾಡಿಸಿದರೆ ಲೆಕ್ಕವೂ ಮೂರು ಸಲ.

ಎರಡನೇ ಪ್ರಶ್ನೆ: ಬೇಡ ಅಂದರೆ ವಾಪಸ್ ತೆಗೆಯೋಕೆ ಆಗುತ್ತಾ? ಮೂರನೇದು: ನಾಳೆ ಎಲ್ಲೋ ಗುದ್ದಿದರೆ ಇನ್ಶೂರೆನ್ಸ್ ಸರ್ವೇಯರ್ ಇದನ್ನ ನೋಡಿ ಏನು ಬರೆದುಕೊಳ್ಳುತ್ತಾನೆ? ನಾಲ್ಕನೇದು ದುಡ್ಡು. ದುಡ್ಡು ಅಂದರೆ ಇವತ್ತಿನ ಖರ್ಚು ಮಾತ್ರ ಅಲ್ಲ. ಕಾರು ಇನ್ನೂ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅನ್ನೋದೂ ಸೇರಿ.

ಈ ನಾಲ್ಕರಲ್ಲಿ ಜನ ಯೋಚಿಸೋದು ಕೊನೆಯದನ್ನು ಮಾತ್ರ. ನನ್ನ ಪ್ರಕಾರ ಮೂರನೇದು ಎಲ್ಲಕ್ಕಿಂತ ಮುಖ್ಯ. ಯಾಕೆ ಅಂತ ಮುಂದೆ ನನ್ನದೇ ಕಥೆ ಹೇಳ್ತೀನಿ.

ಬಣ್ಣ: ಮೂರು ದಾರಿ

ಮೊದಲ ದಾರಿ, ಇರೋ ಬಣ್ಣವನ್ನೇ ಹೊಸದು ಮಾಡಿಸೋದು. ಬೆಳ್ಳಿ ಮೇಲೆ ಬೆಳ್ಳಿ, ಬಿಳಿ ಮೇಲೆ ಬಿಳಿ. ಇದಕ್ಕೆ ಆರ್‌ಟಿಒ ಕಡೆ ಹೋಗೋ ಕೆಲಸವೇ ಇಲ್ಲ. ಆರ್‌ಸಿಯಲ್ಲಿ ಏನಿದೆಯೋ ಅದೇ ಉಳಿಯುತ್ತೆ. ಪೇಂಟ್ ಗಟ್ಟಿ ಇದ್ದು ಮಂಕಾಗಿದ್ದರೆ ಪಾಲಿಶ್, ಸೆರಾಮಿಕ್ ಕೋಟಿಂಗ್ ಸಾಕು. ಹೊಸ ಕಾರು, ಗೀರು ಬೀಳಬಾರದು ಅನ್ನೋರಿಗೆ ಪೇಂಟ್ ಕಾಯೋಕೆ ಮೇಲೆ ಅಂಟಿಸೋ ಪಾರದರ್ಶಕ ಪಿಪಿಎಫ್ ಹಾಳೆ ಇದೆ. ಈ ಎರಡಕ್ಕೂ ವ್ಯತ್ಯಾಸ ಕೇಳಿ. ಸೆರಾಮಿಕ್ ಅನ್ನೋದು ಕೆಲವೇ ಮೈಕ್ರಾನ್ (ಒಂದು ಮಿ.ಮೀ.ನ ಸಾವಿರದ ಒಂದು ಪಾಲು) ದಪ್ಪದ ಲೇಪ. ಹೊಳಪು ಕೊಡುತ್ತೆ, ನೀರು ಜಾರಿಸುತ್ತೆ. ಕಲ್ಲು ಸಿಡಿದರೆ ತಡೆಯಲ್ಲ. ಪಿಪಿಎಫ್ 150ರಿಂದ 200 ಮೈಕ್ರಾನ್ ದಪ್ಪ ಇರುತ್ತೆ. ಅದು ನಿಜವಾಗಿ ಏಟು ತಿನ್ನುತ್ತೆ. "ಸೆರಾಮಿಕ್ ಮಾಡಿಸಿದ್ರೆ ಸ್ಕ್ರಾಚೇ ಆಗಲ್ಲ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ಮಾತು. ಪಿಪಿಎಫ್ ಈಗ ಬಣ್ಣ ಬಣ್ಣದಲ್ಲೂ ಬರುತ್ತೆ. ಬಣ್ಣದ ಪಿಪಿಎಫ್ ಹಾಕಿಸಿದರೆ ಅದು ಕಾನೂನಿನ ಕಣ್ಣಿಗೆ ರ‍್ಯಾಪೇ.

ಎರಡನೇ ದಾರಿ ಈ ರ‍್ಯಾಪ್. ವಿನೈಲ್ ಹಾಳೆ, ಪಿಪಿಎಫ್‌ಗಿಂತ ತೆಳು, ಸುಮಾರು 100 ಮೈಕ್ರಾನ್ ಆಸುಪಾಸು. ಕಾರಿಗೆ ಕಾರೇ ಹೊದಿಸಬಹುದು. ಬೇಜಾರಾದರೆ ಬಿಸಿಗಾಳಿ ಹೊಡೆದು ಕಿತ್ತರೆ ಹಳೆ ಬಣ್ಣ ಹಾಗೇ ಇರುತ್ತೆ. ಎರಡನೇ ಪ್ರಶ್ನೆಗೆ ಇದರಷ್ಟು ಒಳ್ಳೆ ಉತ್ತರ ಇನ್ನೊಂದಿಲ್ಲ. ತೊಂದರೆ ಇರೋದು ಮೊದಲ ಪ್ರಶ್ನೆಯಲ್ಲಿ. "ಇದು ಪೇಂಟ್ ಅಲ್ಲ, ಸ್ಟಿಕ್ಕರ್, ಆರ್‌ಟಿಒ ಬೇಕಿಲ್ಲ" ಅಂತ ಅಂಗಡಿಯಲ್ಲಿ ಹೇಳ್ತಾರೆ. ಆದರೆ ಪೊಲೀಸ್ ನಾಕಾದಲ್ಲಿ ನಿಲ್ಲಿಸಿದವರು ಆರ್‌ಸಿಯಲ್ಲಿ "ಸಿಲ್ವರ್" ಅಂತ ಓದುತ್ತಾರೆ. ಎದುರಿಗೆ ನಿಂತಿರೋದು ಕಪ್ಪು ಕಾರು. ಅವರಿಗೆ ಅದು ಪೇಂಟೋ ಹಾಳೆಯೋ ಅನ್ನೋದು ಮುಖ್ಯ ಅಲ್ಲ. ಕದ್ದ ಕಾರು ಹುಡುಕೋವಾಗ, ಗುದ್ದಿ ಓಡಿದ ಕಾರು ಹುಡುಕೋವಾಗ ಕೈಯಲ್ಲಿರೋ ಗುರುತು ಬಣ್ಣ ಮತ್ತು ನಂಬರ್ ಎರಡೇ. ಹಾಗಾಗಿ ಪೂರ್ತಿ ರ‍್ಯಾಪ್ ಮಾಡಿಸಿ ಬಣ್ಣ ಬೇರೆ ಆದರೆ ಪೇಂಟ್‌ಗೆ ಪಡೆಯೋ ಅನುಮತಿಯನ್ನೇ ಇದಕ್ಕೂ ಪಡೆಯಿರಿ.

ರ‍್ಯಾಪ್ ಇಷ್ಟ ಇದ್ದು ಓಡಾಟ ಬೇಡ ಅನ್ನೋರಿಗೆ ಒಂದು ಉಪಾಯ ಇದೆ. ಬಣ್ಣ ಬದಲಿಸಬೇಡಿ, ಹೊಳಪು ಬದಲಿಸಿ. ಆರ್‌ಸಿಯಲ್ಲಿ ಬಿಳಿ ಇದ್ದರೆ ಮ್ಯಾಟ್ ಬಿಳಿ, ಬೂದು ಇದ್ದರೆ ಸ್ಯಾಟಿನ್ ಬೂದು. ನೋಡೋಕೆ ಕಾರೇ ಬೇರೆ ಅನ್ನಿಸುತ್ತೆ. ಚಾವಣಿ ಮಾತ್ರ ಕಪ್ಪು ಮಾಡಿಸೋರೂ ತುಂಬ ಜನ ಇದ್ದಾರೆ. ಇಷ್ಟು ಅಂಗುಲದವರೆಗೆ ಪರವಾಗಿಲ್ಲ ಅನ್ನೋ ಅಳತೆ ಕಾನೂನಿನಲ್ಲಿಲ್ಲ. ಆರ್‌ಸಿ ಹಿಡಿದು ನೋಡಿದವನಿಗೆ ಇದು ಅದೇ ಕಾರು ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ನಾನಾದರೆ ಅಷ್ಟಕ್ಕೇ ನಿಲ್ಲಿಸ್ತೀನಿ.

ಮ್ಯಾಟ್ ಆಸೆ ಇರೋರು ಇದನ್ನೂ ಕೇಳಿ. ನಮ್ಮ ಕಡೆ ಆಯುಧಪೂಜೆ ದಿನ ಕಾರಿನ ಗತಿ ನಿಮಗೇ ಗೊತ್ತು. ಬಾಳೆಕಂದು ಕಟ್ಟಿ, ಬಾನೆಟ್‌ಗೆ ಅರಿಶಿನ ಕುಂಕುಮ ಬಳಿದು, ಬೂದುಗುಂಬಳ ಒಡೆದು, ಆಮೇಲೆ ಎರಡು ದಿನ ತೊಳೆಯೋದೇ ಇಲ್ಲ. ಹೊಳಪಿನ ಪೇಂಟ್ ಆದರೆ ಉಳಿದ ಕಲೆಯನ್ನ ಪಾಲಿಶ್ ಹೊಡೆದು ತೆಗೆಯಬಹುದು. ಮ್ಯಾಟ್ ಹಾಳೆಗೆ ಪಾಲಿಶ್ ಹೊಡೆಯೋ ಹಾಗಿಲ್ಲ. ಹೊಡೆದರೆ ಉಜ್ಜಿದ ಜಾಗ ಮಾತ್ರ ಮಿರಮಿರ ಅನ್ನುತ್ತೆ. ತಿಳಿ ಬಣ್ಣದ ಮ್ಯಾಟ್ ಬಾನೆಟ್ ಮೇಲೆ ಒದ್ದೆ ಅರಿಶಿನ ರಾತ್ರಿಯೆಲ್ಲ ಒಣಗಿದರೆ ಆ ವರ್ಷದ ಹಬ್ಬ ಮುಂದಿನ ಹಬ್ಬದವರೆಗೂ ಕಾಣುತ್ತೆ. ಬಿಸಿಲೂ ಅಷ್ಟೆ. ಬಾನೆಟ್ ಮತ್ತು ಚಾವಣಿ ಮೇಲಿನ ಹಾಳೆ ಬಾಗಿಲಿನ ಹಾಳೆಗಿಂತ ಬೇಗ ಸೋಲುತ್ತೆ. ಮೊದಲು ಏಳೋದು ಅಂಚುಗಳು. ಬಾಗಿಲ ಹಿಡಿಕೆಯ ಹಿಂದಿನ ಗುಳಿ, ಬಂಪರ್‌ನ ತಿರುವು, ಪೆಟ್ರೋಲ್ ಮುಚ್ಚಳದ ಸುತ್ತ. ಅಂಗಡಿಯವರು ಮಾಡಿದ ಹಳೇ ಕೆಲಸ ನೋಡಬೇಕಾದರೆ ಈ ಮೂರು ಜಾಗಕ್ಕೆ ಬೆರಳು ಹಾಕಿ ನೋಡಿ. ದೂರದಿಂದ ನೋಡಿದರೆ ಎಲ್ಲರ ಕೆಲಸವೂ ಚೆಂದವೇ.

ಇಲ್ಲೇ ನನ್ನ ಭಾವಮೈದನ ಆಸೆಗೆ ಕಲ್ಲು ಬಿತ್ತು. ಕ್ಲಿಯರ್ ಕೋಟ್ ಎದ್ದ ಮೇಲ್ಮೈಗೆ ವಿನೈಲ್ ಆಗಲಿ ಪಿಪಿಎಫ್ ಆಗಲಿ ಸರಿಯಾಗಿ ಕಚ್ಚಲ್ಲ. ಕಚ್ಚಿದರೂ ನಾಳೆ ಕೀಳೋವಾಗ ಕೆಳಗಿನ ಬಣ್ಣವನ್ನೂ ಎತ್ತಿಕೊಂಡು ಬರುತ್ತೆ. ಮೊದಲು ಉಜ್ಜಿ, ಪ್ರೈಮರ್ ಹೊಡೆದು, ಪೇಂಟ್ ಮಾಡಿಸಿ, ಆಮೇಲೆ ರ‍್ಯಾಪ್ ಮಾಡಿಸಬೇಕು. ಪೇಂಟ್ ಹೇಗೂ ಮಾಡಿಸಬೇಕು ಅಂದ ಮೇಲೆ ಅದರ ಮೇಲೆ ರ‍್ಯಾಪ್ ಖರ್ಚು ಯಾಕೆ?

ಮೂರನೇ ದಾರಿ, ಬೇರೆ ಬಣ್ಣದ ಪೇಂಟ್. ಇದು ಅಪರಾಧ ಅಂತ ತುಂಬ ಜನ ಹೆದರುತ್ತಾರೆ. ಹಾಗೇನಿಲ್ಲ. ಕೇಳಿ ಮಾಡಬೇಕು, ಅಷ್ಟೆ. ನಿಮ್ಮ ವಿಳಾಸ ಯಾವ ಆರ್‌ಟಿಒಗೆ ಸೇರುತ್ತೋ ಅಲ್ಲಿ ಕೇಳಬೇಕು. ಮೈಸೂರು ಪಶ್ಚಿಮ ಅಂದರೆ ಕೆಎ-09, ಪೂರ್ವ ಕೆಎ-55, ಹುಣಸೂರು ಕೆಎ-45, ಮಂಡ್ಯ ಕೆಎ-11, ನಾಗಮಂಗಲ ಕೆಎ-54. ಪರಿವಾಹನ್ ಪೋರ್ಟಲ್‌ನಲ್ಲಿ ವಾಹನ ಬದಲಾವಣೆಗೆ ಅರ್ಜಿ ಹಾಕೋಕೆ ಬರುತ್ತೆ. ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಸಿದ್ಧ ಇಟ್ಟುಕೊಳ್ಳಿ. ಚಾಸಿ ನಂಬರ್ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕೊಡೋದು ಇನ್ನೂ ಇದೆ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಮಾಡ್ತಿದ್ವಲ್ಲ, ಹಾಗೇ. ಮೊದಲು ಅನುಮತಿ, ಆಮೇಲೆ ಪೇಂಟ್, ಆಮೇಲೆ ಕಾರನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಅವರು ನೋಡಿದ ಮೇಲೆ ಆರ್‌ಸಿಯಲ್ಲಿ ಹೊಸ ಬಣ್ಣ ಸೇರುತ್ತೆ. ಆ ಆರ್‌ಸಿ ಪ್ರತಿಯನ್ನ ಇನ್ಶೂರೆನ್ಸ್ ಕಂಪನಿಗೂ ಕಳಿಸಿ. ಇದನ್ನ ಬಹಳ ಜನ ಮರೆಯುತ್ತಾರೆ.

ಸಾಲದ ಮೇಲೆ ತೆಗೆದ ಕಾರಾದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಯಾವ ಬಣ್ಣ ಬೇಕಾದರೂ ಆಗುತ್ತೆ, ಆಲಿವ್ ಹಸಿರು ಒಂದನ್ನ ಬಿಟ್ಟು. ಅದು ಸೈನ್ಯದ ವಾಹನಗಳಿಗೆ ಮೀಸಲು. ಕೇಂದ್ರ ಮೋಟಾರು ವಾಹನ ನಿಯಮ 121 ನೋಡಿ. ಹಳೇ ಜೀಪು ಇಟ್ಟುಕೊಂಡವರಿಗೆ ಈ ಬಣ್ಣದ ಮೇಲೆಯೇ ಕಣ್ಣು, ಏನು ಮಾಡೋದು.

ಖರ್ಚಿನ ವಿಷಯ. ಹ್ಯಾಚ್‌ಬ್ಯಾಕ್‌ಗೆ ಅಂತ ನಾನು ಮೈಸೂರಿನಲ್ಲಿ ವಿಚಾರಿಸಿದಾಗ ಅದೇ ಬಣ್ಣದ ಪೂರ್ತಿ ಪೇಂಟ್‌ಗೆ 35ರಿಂದ 60 ಸಾವಿರ ಹೇಳಿದರು. ರ‍್ಯಾಪ್‌ಗೆ 40ರಿಂದ 70. ಒಳ್ಳೆ ಪಿಪಿಎಫ್ 60 ಸಾವಿರದಿಂದ ಶುರು, ಲಕ್ಷ ದಾಟಿದ್ದೂ ಇದೆ. ಸೆರಾಮಿಕ್ 10ರಿಂದ 25. ಬೇರೆ ಬಣ್ಣದ ಪೇಂಟ್ ಯಾವಾಗಲೂ ಹೆಚ್ಚು. ಯಾಕೆಂದರೆ ಬಾಗಿಲ ಒಳಅಂಚು, ಬಾನೆಟ್ ಒಳಗೆ, ಡಿಕ್ಕಿ ಒಳಗೆ ಎಲ್ಲ ಹೊಡೀಬೇಕು. ಕಡಿಮೆಗೆ ಒಪ್ಪಿಕೊಂಡವನು ಅದನ್ನೆಲ್ಲ ಬಿಡ್ತಾನೆ. ಬಾಗಿಲು ತೆಗೆದ ಕೂಡಲೇ ಹಳೆ ಬಣ್ಣ ಇಣುಕುತ್ತೆ. ಮಾರೋ ದಿನ ಕೊಳ್ಳುವವನು ಮೊದಲು ನೋಡೋದೇ ಅದನ್ನ. "ದೊಡ್ಡ ಆಕ್ಸಿಡೆಂಟ್ ಆಗಿತ್ತಾ?" ಅಂತ ಕೇಳ್ತಾನೆ. ಇಲ್ಲ ಅಂದರೂ ನಂಬಲ್ಲ.

ಪೇಂಟ್ ಅಂಗಡಿಗೆ ಬಿಡೋವಾಗ ಇನ್ನೊಂದು ಸಣ್ಣ ಎಚ್ಚರ. ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ) ನಂಬರ್ ಪ್ಲೇಟ್ ಮರುಬಳಕೆ ಆಗದ ಲಾಕ್‌ನಲ್ಲಿ ಕೂತಿರುತ್ತೆ. ಬಂಪರ್ ಬಿಚ್ಚೋ ಹುಡುಗ ಅದನ್ನ ಉಳಿಯಲ್ಲಿ ಎಬ್ಬಿಸಿ ಮುರಿದು, ಕೊನೆಗೆ ಸಾದಾ ಸ್ಕ್ರೂ ಹಾಕಿ ಕೊಡ್ತಾನೆ. ಪ್ಲೇಟ್ ಬಿಚ್ಚದೆ ಮುಚ್ಚಿ ಹೊಡೀರಿ ಅಂತ ಮೊದಲೇ ಹೇಳಿ.

ಗಾಜು: ಇಲ್ಲಿ ವಾದ ಜಾಸ್ತಿ, ಜಾಗ ಕಡಿಮೆ

ಬಿಸಿಲಿನ ಕಷ್ಟ ನನಗೂ ಗೊತ್ತು. ಬೆಂಗಳೂರಿನಿಂದ ಸಂಜೆ ನಾಲ್ಕಕ್ಕೆ ಹೊರಟು ಮೈಸೂರಿಗೆ ಬರೋವಾಗ ರಾಮನಗರ ದಾಟಿದ ಮೇಲೆ ಸೂರ್ಯ ಸರಿಯಾಗಿ ಡ್ರೈವರ್‌ನ ಬಲಗೆನ್ನೆಗೆ ಹೊಡೆಯುತ್ತಾನೆ. ಎಸಿ ಗಾಳಿ ಎಡಗಡೆ ತಣ್ಣಗೆ, ಬಲಗೈ ಮಾತ್ರ ಬಾಣಲೆ.

ನಿಯಮ 100ರ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜುಗಳಲ್ಲಿ ಕನಿಷ್ಠ 50% ಬೆಳಕು ದಾಟಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು. ಗಾಜು ತಯಾರಾಗೋವಾಗಲೇ ಆ ಅಳತೆಯಲ್ಲಿ ಇರಬೇಕು, ಆಮೇಲೆ ಯಾವ ಫಿಲಂ ಅಂಟಿಸಿದರೂ, ಅದು ಎಷ್ಟೇ ತಿಳಿ ಇರಲಿ, ತಪ್ಪು ಅಂತ ಹೇಳಿತು. ಆ ವರ್ಷ ಮೇ ತಿಂಗಳಲ್ಲಿ ರಸ್ತೆ ಬದಿಯಲ್ಲೇ ಬ್ಲೇಡ್ ಹಿಡಿದು ಫಿಲಂ ಕಿತ್ತಿದ್ದು ಹಲವರಿಗೆ ನೆನಪಿರಬಹುದು. ಆಮೇಲೆ ನಿಯಮಕ್ಕೆ ತಿದ್ದುಪಡಿ ಬಂತು, 2021ರ ಏಪ್ರಿಲ್‌ನಿಂದ "ಸೇಫ್ಟಿ ಗ್ಲೇಜಿಂಗ್" ಅನ್ನೋ ಮಾತು ಸೇರಿತು; ಒಳಬದಿಗೆ ಪ್ಲಾಸ್ಟಿಕ್ ಪದರ ಇರೋ ಗಾಜೂ ಅದರಲ್ಲಿ ಬರುತ್ತೆ. ಅದನ್ನೇ ಹಿಡಿದು 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, 70 ಮತ್ತು 50ರ ಅಳತೆ ಮೀರದ ಫಿಲಂಗೆ ಅಡ್ಡಿಯಿಲ್ಲ ಅಂದಿತು. ಅಂಗಡಿಗಳಲ್ಲಿ ಈ ತೀರ್ಪಿನ ಪ್ರತಿ ಫೋನ್‌ನಲ್ಲೇ ಇಟ್ಟುಕೊಂಡಿರುತ್ತಾರೆ. ಆದರೆ ಅದು ಕೇರಳದ ಹೈಕೋರ್ಟ್. ನಮ್ಮ ರಸ್ತೆಯಲ್ಲಿ ನಿಲ್ಲಿಸಿದ ಸಬ್ ಇನ್‌ಸ್ಪೆಕ್ಟರ್ ಅದಕ್ಕೆ ಕಟ್ಟುಬೀಳಬೇಕಿಲ್ಲ.

ಬೇರೆ ವಾದ ಬಿಡಿ, ಲೆಕ್ಕವನ್ನೇ ನೋಡಿ. ಕಂಪನಿ ಗಾಜೇ 75% ಬೆಳಕು ಬಿಡುತ್ತೆ ಅಂತಿಟ್ಟುಕೊಳ್ಳಿ. ಅದರ ಮೇಲೆ "70% ಫಿಲಂ, ಲೀಗಲ್ ಸಾರ್" ಅಂತ ಅಂಟಿಸಿದರೆ ಎಷ್ಟಾಯ್ತು? 75ರಲ್ಲಿ 70%, ಅಂದರೆ 52.5. ಪಕ್ಕದ ಗಾಜು ಕೂದಲೆಳೆಯಲ್ಲಿ ಪಾಸ್. ಮುಂದಿನ ಗಾಜು ಪೂರ್ತಿ ಫೇಲ್. ಫಿಲಂನ ಡಬ್ಬಿ ಮೇಲಿನ ಅಂಕಿ ಫಿಲಂನದು ಮಾತ್ರ. ಮೀಟರ್ ಇಟ್ಟು ಅಳೆಯೋದು ಗಾಜು ಫಿಲಂ ಎರಡೂ ಸೇರಿದ್ದನ್ನ. ಇದನ್ನ ಹೇಳೋ ಅಂಗಡಿಯವರು ನನಗೆ ಇನ್ನೂ ಸಿಕ್ಕಿಲ್ಲ.

ಹಾಗಾದರೆ ಏನು ಮಾಡೋದು? ಹೊಸ ಕಾರು ತಗೊಳ್ಳೋರು ಯುವಿ ತಡೆಯೋ ಗಾಜು ಇರುವ ವೇರಿಯಂಟ್ ನೋಡಿ. ಗಾಜಿನ ಮೂಲೆಯಲ್ಲೇ ಕಂಪನಿ ಮುದ್ರೆ ಇರುತ್ತೆ, ತಕರಾರೇ ಇಲ್ಲ. ಹಳೆ ಕಾರಿನವರು ನಿಲ್ಲಿಸಿದಾಗ ಜಾಲರಿ ಪರದೆ ಹಾಕಿ, ಹೊರಟಾಗ ತೆಗೆಯಿರಿ. ಉದ್ದಕ್ಕೂ ಹಾಕಿಕೊಂಡು ಓಡಿಸಿದರೆ ಅದೂ 2012ರ ಆದೇಶದ ಬಾಯಿಗೇ ಬೀಳುತ್ತೆ. ಮನೆಯಲ್ಲಿ ಹಸುಗೂಸೋ ಚರ್ಮದ ಕಾಯಿಲೆ ಇರೋರೋ ಇದ್ದು ಫಿಲಂ ಹಾಕಿಸಲೇಬೇಕು ಅಂದರೆ ಪಕ್ಕದ ಗಾಜಿಗೆ ಮಾತ್ರ, ಹೆಚ್ಚುಕಡಿಮೆ ಬಣ್ಣವೇ ಇಲ್ಲದ, ಶಾಖ ತಡೆಯೋ ಫಿಲಂ ನೋಡಿ. ಬಿಲ್‌ನಲ್ಲಿ ಅಳತೆ ಬರೆಸಿ ಕಾರಲ್ಲೇ ಇಟ್ಟುಕೊಳ್ಳಿ. ನಿಲ್ಲಿಸಿದರೆ ಮಾತಾಡೋಕೆ, ದಂಡ ಕಟ್ಟೋಕೆ ತಯಾರಿರಿ. ಕಡುಕಪ್ಪು ಫಿಲಂ ಬಗ್ಗೆ ನನ್ನನ್ನ ಕೇಳಲೇಬೇಡಿ. ರಾತ್ರಿ ಮಳೆಯಲ್ಲಿ ರಿಂಗ್ ರೋಡಿನಲ್ಲಿ ಬಲಗಡೆ ಕನ್ನಡಿಯೇ ಕಾಣಲ್ಲ.

ವೀಲ್ ಮತ್ತು ಟೈರ್

ಕಡಿಮೆ ಖರ್ಚಿನಲ್ಲಿ ಕಾರಿನ ಮುಖ ಬದಲಾಗಬೇಕು ಅಂದರೆ ನನ್ನ ಓಟು ಅಲಾಯ್ ವೀಲ್‌ಗೆ. ಹಳೆ ಸ್ಟೀಲ್ ರಿಮ್ಮನ್ನ ಮನೆಯ ಅಟ್ಟದ ಮೇಲಿಟ್ಟರೆ ಯಾವತ್ತು ಬೇಕಾದರೂ ವಾಪಸ್. ಆದರೆ ಅಳತೆ ತಪ್ಪಬಾರದು. ಬಾಗಿಲ ಚೌಕಟ್ಟಿನ ಮೇಲೋ ಕಾರಿನ ಪುಸ್ತಕದಲ್ಲೋ ಟೈರಿನ ಅಳತೆಗಳು ಇರುತ್ತವೆ. ನಿಮ್ಮ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಟ್ಟ ಅಳತೆ ನಿಮಗೆ ಗಡಿ.

ಉದಾಹರಣೆಗೆ 185/65 ಆರ್15 ಟೈರಿನ ಒಟ್ಟು ಎತ್ತರ 621.5 ಮಿ.ಮೀ. 195/55 ಆರ್16 ಹಾಕಿದರೆ 620.9. ರಿಮ್ ದೊಡ್ಡದಾಯ್ತು, ಟೈರ್ ಸೇರಿದ ಎತ್ತರ ಹಾಗೇ ಉಳಿಯಿತು. ಇದು ಸರಿಯಾದ ಬದಲಾವಣೆ. ಅದೇ "ದಪ್ಪ ಕಾಣ್ಲಿ" ಅಂತ 205/65 ಆರ್15 ಹಾಕಿದರೆ ಎತ್ತರ 647.5 ಆಗುತ್ತೆ, 4% ಜಾಸ್ತಿ. ಮೀಟರ್ 80 ತೋರಿಸೋವಾಗ ಕಾರು 83ರ ಮೇಲೆ ಓಡ್ತಾ ಇರುತ್ತೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕ್ಯಾಮೆರಾ ಅಳೆಯೋದು ಕಾರಿನ ವೇಗ, ನಿಮ್ಮ ಮೀಟರ್ ಅಲ್ಲ. ಇದರ ಜೊತೆ ತಿರುವಿನಲ್ಲಿ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತೆ, ಮೈಲೇಜ್ ಇಳಿಯುತ್ತೆ. ವೀಲ್ ಬಾಡಿಯಿಂದ ಆಚೆ ಚಾಚಿಕೊಂಡಿದ್ದರೆ ಅದಂತೂ ಬೇಡವೇ ಬೇಡ. ಕೆಸರೆಲ್ಲ ಪಕ್ಕದ ಬೈಕಿನವನ ಮೇಲೆ.

ಅಗ್ಗದ ಹೆಸರಿಲ್ಲದ ಅಲಾಯ್‌ಗಿಂತ ಮೇಲಿನ ವೇರಿಯಂಟ್‌ನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಕಂಪನಿ ಅಲಾಯ್ ಎಷ್ಟೋ ವಾಸಿ. ಬಿರುಕು, ಬೆಂಡು ಇದೆಯಾ ಅಂತ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಒಂದು ಸಲ ತಿರುಗಿಸಿ ನೋಡಿ ತಗೊಳ್ಳಿ.

ಗಾರ್ಡ್: ನನ್ನ ಹಳೇ ತಪ್ಪು

ಈಗ ಆ ಕಥೆ. ಕೆಲವು ವರ್ಷದ ಹಿಂದೆ ನನ್ನ ಕಾರಿಗೂ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದ್ದೆ. ಹಸು ಅಡ್ಡ ಬಂದರೆ ಬಂಪರ್ ಉಳಿಯುತ್ತೆ ಅನ್ನೋ ಧೈರ್ಯ. ಹಾಕಿದವನು ಎರಡು ಕಬ್ಬಿಣದ ಪಟ್ಟಿಯನ್ನ ಸೀದಾ ಚಾಸಿಯ ತುದಿಗೆ ಬೋಲ್ಟ್ ಮಾಡಿದ. ಒಂದು ದಿನ ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಲಿ ಹಿಂದೆ ನಿಧಾನಕ್ಕೆ ಹೋಗ್ತಿದ್ದೆ. ಟ್ರಾಕ್ಟರ್ ಗಕ್ಕನೆ ನಿಂತಿತು. ಗುದ್ದಿದ್ದು ಮೆಲ್ಲಗೆ. ಗಾರ್ಡ್‌ಗೆ ಒಂದು ಗೀರೂ ಇಲ್ಲ! ಇಳಿದು ನೋಡಿ ಖುಷಿಪಟ್ಟೆ. ಮನೆಗೆ ಬರೋ ಹೊತ್ತಿಗೆ ಬಾನೆಟ್ ಸರಿಯಾಗಿ ಕೂರ್ತಾ ಇರಲಿಲ್ಲ. ಏಟನ್ನೆಲ್ಲ ಗಾರ್ಡ್ ಹಾಗೇ ಹಿಂದಕ್ಕೆ ದಾಟಿಸಿ ಚಾಸಿಯ ತುದಿಯನ್ನೇ ಬಗ್ಗಿಸಿತ್ತು. ಗಾರ್ಡ್ ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಬಂಪರ್ ಹೋಗ್ತಿತ್ತು. ಸರ್ವೇಯರ್ ಬಂದು ನಾಲ್ಕು ಫೋಟೊ ತೆಗೆದ, ಅದರಲ್ಲಿ ಮೂರು ಗಾರ್ಡ್‌ದೇ. "ಇದನ್ನ ಡಿಕ್ಲೇರ್ ಮಾಡಿದ್ರಾ ಸಾರ್?" ಅಂದ. ಇಲ್ಲ. ಬಂದ ದುಡ್ಡು ಅರ್ಧಕ್ಕಿಂತ ಕಡಿಮೆ.

2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಈ ಗಾರ್ಡ್‌ಗಳು 52ನೇ ಸೆಕ್ಷನ್‌ಗೆ ವಿರುದ್ಧ, ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಏಟು ಬಿದ್ದಾಗ ಕಾರಿನ ಮುಂಭಾಗ ಲೆಕ್ಕದ ಪ್ರಕಾರ ಕುಸಿಯಬೇಕು, ಅದರ ಮೇಲೇ ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಅನ್ನೋದು ನಿಂತಿದೆ. ಗಾರ್ಡ್ ಆ ಲೆಕ್ಕ ಕೆಡಿಸುತ್ತೆ. ನಡೆದು ಹೋಗೋನಿಗೆ ತಗುಲಿದರೆ ಕಬ್ಬಿಣ ಕಬ್ಬಿಣವೇ. ಇದರಲ್ಲಿ ತೂಗಿ ನೋಡೋಕೆ ಏನೂ ಇಲ್ಲ. ಹಾಕಿಸಬೇಡಿ.

ಲೈಟು, ಸ್ಟಿಕ್ಕರ್, ನಂಬರ್ ಪ್ಲೇಟು

ಮಂಡ್ಯ ಕಡೆ ಚಳಿಗಾಲದ ಬೆಳಗ್ಗೆ ನಾಲೆ ಪಕ್ಕದ ರಸ್ತೆಯಲ್ಲಿ ಮಂಜು ಕವಿಯುತ್ತೆ. ಅದಕ್ಕೆ ಫಾಗ್ ಲ್ಯಾಂಪ್ ಬೇಕು ಅನ್ನೋದು ನ್ಯಾಯವೇ. ಮೇಲಿನ ವೇರಿಯಂಟ್‌ಗೆ ಕಂಪನಿ ಕೊಡೋದನ್ನೇ, ಅದೇ ಜಾಗದಲ್ಲಿ ಹಾಕಿಸಿ. ಚಾವಣಿ ಮೇಲೆ ಎಲ್‌ಇಡಿ ಪಟ್ಟಿ, ಸ್ಪಾಟ್ ಲೈಟ್, ಕೆಂಪು ನೀಲಿ ಮಿಣುಕು, ಇವೆಲ್ಲ ಬೇಡ. ಹೆಡ್‌ಲೈಟ್‌ನಲ್ಲಿ 60/55 ವಾಟ್ ಬಲ್ಬ್ ಜಾಗಕ್ಕೆ 100/90 ಹಾಕಿದರೆ ವೈರ್ ಬಿಸಿಯಾಗುತ್ತೆ, ಎದುರಿನವನ ಕಣ್ಣು ಕುಕ್ಕುತ್ತೆ. ಕಂಪನಿ ಬೆಲೆಯಲ್ಲಿ ಸೇರದ ಎಲೆಕ್ಟ್ರಿಕಲ್ ಸಾಮಾನು ಏನೇ ಹಾಕಿಸಿದರೂ ಪಾಲಿಸಿಯಲ್ಲಿ ಸೇರಿಸಿ. ಅದರ ಬೆಲೆಯ ಸುಮಾರು 4% ಪ್ರೀಮಿಯಂ ಜಾಸ್ತಿ ಆಗಬಹುದು, ಅಷ್ಟೆ.

ನಂಬರ್ ಪ್ಲೇಟ್‌ನಲ್ಲಿ ಆಯ್ಕೆಯೇ ಇಲ್ಲ. 2019ರ ಏಪ್ರಿಲ್ 1ರ ನಂತರದ ಕಾರಿಗೆ ಎಚ್‌ಎಸ್‌ಆರ್‌ಪಿ ಜೊತೆಗೇ ಬರುತ್ತೆ, ಅದಕ್ಕಿಂತ ಹಳೇ ಕಾರುಗಳಿಗೂ ಕರ್ನಾಟಕದಲ್ಲಿ ಕಡ್ಡಾಯ ಮಾಡಿದ್ದಾರೆ. ಎಡಗಡೆ ಅಶೋಕ ಚಕ್ರದ ಹಾಲೋಗ್ರಾಂ, ಲೇಸರ್‌ನಲ್ಲಿ ಕೊರೆದ 10 ಅಂಕಿ. ಅದರ ಮೇಲೆ ದೇವರ ಹೆಸರು, ಸಂಘದ ಹೆಸರು, ಮಗಳ ಹೆಸರು ಯಾವುದೂ ಬೇಡ. ಹಿಂದಿನ ಗಾಜಿನ ತುಂಬ ಅಂಟಿಸೋದೂ ಬೇಡ. ಬಾಗಿಲ ಮೇಲೆ ಒಂದು ಗಂಡಭೇರುಂಡ ಇದ್ದರೆ ಯಾರೂ ಏನೂ ಅನ್ನಲ್ಲ. ಪೂಜೆ ಕುಂಕುಮ ಮಾತ್ರ ಪ್ಲೇಟ್ ಮೇಲಿಂದ ಅವತ್ತೇ ಒರೆಸಿ. ಕ್ಯಾಮೆರಾಗೆ ಭಕ್ತಿ ಇಲ್ಲ.

ಯಾರಿಗೆ ಯಾವುದು

ಎರಡು ವರ್ಷದಲ್ಲಿ ಮಾರೋ ಯೋಚನೆ ಇದ್ದರೆ ಬಣ್ಣ ಬದಲಿಸಬೇಡಿ. ಪಾಲಿಶ್, ಸೆರಾಮಿಕ್, ಬೇಕಾದರೆ ವೀಲ್. ವೀಲ್ ಬಿಟ್ಟರೆ 25 ಸಾವಿರದೊಳಗೆ ಮುಗಿಸಬಹುದು. ಕಾರು ಹೊಸದು, ಕೈಯಲ್ಲಿ ದುಡ್ಡಿದೆ ಅಂದರೆ ಪಾರದರ್ಶಕ ಪಿಪಿಎಫ್. ಪೂರ್ತಿಗೆ ಆಗದಿದ್ದರೆ ಬಾನೆಟ್, ಬಂಪರ್, ಕನ್ನಡಿಗಳಿಗೆ ಮಾತ್ರ ಹಾಕಿಸಿ. ಕಲ್ಲು ಬೀಳೋದು ಅಲ್ಲಿಗೇ. ಆಗಾಗ ರೂಪ ಬದಲಿಸೋ ಹುಚ್ಚಿರೋರು ಪೇಂಟ್ ಗಟ್ಟಿಯಿದ್ದರೆ ಮಾತ್ರ ರ‍್ಯಾಪ್ ಮಾಡಿಸಿ, ಆರ್‌ಸಿಯ ಬಣ್ಣದಲ್ಲೇ. ಹತ್ತು ವರ್ಷ ಇಟ್ಟುಕೊಳ್ಳೋ ಕಾರು, ಬೇರೆ ಬಣ್ಣವೇ ಬೇಕು ಅಂದರೆ ಧೈರ್ಯವಾಗಿ ಅರ್ಜಿ ಹಾಕಿ ಪೇಂಟ್ ಮಾಡಿಸಿ. ಹಳದಿ ಬೋರ್ಡ್ ಟ್ಯಾಕ್ಸಿಯವರು ಇದ್ಯಾವುದಕ್ಕೂ ಕೈ ಹಾಕಬೇಡಿ, ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ದಿನ ಒದ್ದಾಡ್ತೀರಿ.

ಈಗಾಗಲೇ ಕೇಳದೆ ಬಣ್ಣ ಬದಲಿಸಿದ್ದರೆ? 52ನೇ ಸೆಕ್ಷನ್ನಿನಲ್ಲೇ 14 ದಿನದೊಳಗೆ ತಿಳಿಸಬೇಕು ಅಂತ ಇದೆ. ದಿನ ಮೀರಿದ್ದರೂ ನೀವಾಗಿ ಹೋಗಿ ಹೇಳೋದಕ್ಕೂ ನಾಕಾದಲ್ಲಿ ಸಿಕ್ಕಿಬೀಳೋದಕ್ಕೂ ವ್ಯತ್ಯಾಸ ಇದೆ. ಗಾರ್ಡ್, ಫಿಲಂ, ಲೈಟ್ ಪಟ್ಟಿ ಇದ್ದರೆ ಇವತ್ತೇ ಬಿಚ್ಚಿ.

ಭಾವಮೈದನಿಗೆ ಇಷ್ಟೆಲ್ಲ ಹೇಳಿದೆ. ಕಪ್ಪೇ ಬೇಕು, ಮ್ಯಾಟ್ ಬೇಡ, ಪೇಂಟೇ ಮಾಡಿಸ್ತೀನಿ, ಅರ್ಜಿ ಹಾಕ್ತೀನಿ ಅಂತ ಒಪ್ಪಿಕೊಂಡ. ಗಾರ್ಡ್ ಕೈಬಿಟ್ಟ. ಅಲಾಯ್ ಮುಂದಿನ ವರ್ಷಕ್ಕೆ. "ಮೊದ್ಲು ಆರ್‌ಸಿ ತೆಗ್ದು ಓದು" ಅಂದೆ. ಐದು ನಿಮಿಷಕ್ಕೆ ಮತ್ತೆ ಫೋನ್. ಸಾಲ ತೀರಿ ಮೂರು ವರ್ಷ ಆಗಿದೆ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಹಾಗೇ ಇದೆ. "ಭಾವ, ಇದ್ನ ತೆಗುಸ್ದೆ ಕಾರು ಮಾರಕ್ಕೂ ಆಯ್ತಿರ್ಲಿಲ್ಲ ಅಲ್ವಾ?" ಆಗ್ತಿರಲಿಲ್ಲ. ಬ್ಯಾಂಕಿನಿಂದ ಎನ್‌ಒಸಿ, ಫಾರಂ 35 ತಂದು ಆ ಹೆಸರು ತೆಗೆಸಿ, ಆಮೇಲೆ ಬಣ್ಣದ ಅರ್ಜಿ. ಸೋಮವಾರ ಬ್ಯಾಂಕಿಗೆ ಹೋಗ್ತಾನಂತೆ. ಈ ಸಲದ ಆಯುಧಪೂಜೆ ಬೆಳ್ಳಿ ಕಾರಿಗೇ.